ಸತ್ತವರನ್ನು ಎಣಿಸಿದವರು ಯಾರು?

"ಸರ್, ಮೈಸೂರು ಬರಗಾಲದ ಮೇಲೆ ಪುಸ್ತಕ ಬೇಕಿತ್ತು."

"ಯಾವ ಬರಗಾಲಮ್ಮ? ಈ ಸೀಮೆಯಲ್ಲಿ ಬರಕ್ಕೇನು ಬರವೇ?"

"1876ರದ್ದು ಸರ್. ಧಾತು ಈಶ್ವರದ ಬರ ಅಂತಾರಲ್ಲ, ಅದು."

ಕೇಳಿದವಳು ಇತಿಹಾಸ ಎಂ.ಎ. ಓದುತ್ತಿದ್ದ ಹುಡುಗಿ, ಮಧುಗಿರಿ ಕಡೆಯವಳು. ಉತ್ತರ ಕೊಟ್ಟವರು ಆ ಸ್ನಾತಕೋತ್ತರ ಕೇಂದ್ರದ ಗ್ರಂಥಪಾಲಕರು, ನಿವೃತ್ತಿಗೆ ಹತ್ತಿರವಾದವರು. ಹುಡುಗಿ ಹತ್ತು ಪುಟದ ಸೆಮಿನಾರ್ ಪ್ರಬಂಧ ಬರೆಯಬೇಕಿತ್ತು. ತಲೆಬರಹಗಳನ್ನು ಆಗಲೇ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡಿದ್ದಳು: ಪೀಠಿಕೆ, ಕಾರಣಗಳು, ಪರಿಣಾಮಗಳು, ಪರಿಹಾರ ಕ್ರಮಗಳು, ಉಪಸಂಹಾರ. ಗ್ರಂಥಪಾಲಕರು ಕನ್ನಡಕ ಏರಿಸಿ ಆ ಪಟ್ಟಿಯನ್ನು ಓದಿದರು.

"ಚೆನ್ನಾಗಿದೆ. ಬರ ಅನ್ನೋದನ್ನು ತೆಗೆದು ಪ್ಲೇಗ್ ಅಂತ ಹಾಕಿದರೂ ನಡೆಯುತ್ತೆ, ಪ್ರವಾಹ ಅಂದರೂ ನಡೆಯುತ್ತೆ. ಇದರಲ್ಲಿ ನಿನ್ನ ಪ್ರಶ್ನೆ ಯಾವುದು?"

"ಪ್ರಶ್ನೆ ಅಂದರೆ... ಬರದಲ್ಲಿ ಏನಾಯ್ತು ಅಂತ."

"ಏನಾಯ್ತು?"

"ಹತ್ತು ಲಕ್ಷ ಜನ ಸತ್ತರು ಸರ್. ರಾಜ್ಯದ ಐದನೇ ಒಂದು ಪಾಲು. ಮೂರು ಕಡೆ ನೋಡಿದೆ, ಮೂರರಲ್ಲೂ ಅದೇ ಇದೆ." ಅವಳು ಮೊಬೈಲು ಮುಂದೆ ಹಿಡಿದಳು. ಮೂರೂ ಪುಟಗಳಲ್ಲಿ ವಾಕ್ಯ ಒಂದೇ, ಅಲ್ಪವಿರಾಮ ಕೂಡ ಅಲ್ಲಲ್ಲೇ ಇತ್ತು.

"ಇದು ಮೂರು ಸಾಕ್ಷಿ ಅಲ್ಲಮ್ಮ. ಒಬ್ಬನೇ ಸಾಕ್ಷಿ ಮೂರು ಸಲ ಕೂಗಿದ್ದಾನೆ. ಇರಲಿ, ಆ ಹತ್ತು ಲಕ್ಷವನ್ನು ಎಣಿಸಿದವರು ಯಾರು?"

ಹುಡುಗಿಗೆ ಉತ್ತರ ಹೊಳೆಯಲಿಲ್ಲ. ಸರ್ಕಾರ ಇರಬೇಕು ಅಂದಳು. ಯಾವ ಸರ್ಕಾರ, ಯಾವಾಗ, ಯಾವ ಊರಲ್ಲಿ ಕೂತು, ಯಾರನ್ನು ಕಳಿಸಿ ಎಣಿಸಿತು ಎಂದು ಅವರು ಮತ್ತೆ ಕೇಳಿದರು. ಕಡೆಗೆ ತಾವೇ ಎದ್ದು ಕಪಾಟುಗಳ ಕಡೆ ನಡೆದರು.

"ನೇರವಾಗಿ ದಪ್ಪ ಪುಸ್ತಕಕ್ಕೆ ಹೋಗಬೇಡ. ಮೊದಲು ಗೆಜೆಟಿಯರ್. ಲೂಯಿಸ್ ರೈಸ್ ಮಾಡಿದ್ದು ಎರಡು ಸಲ ಬಂದಿದೆ. ಮೊದಲನೇದು ಬರ ನಡೀತಿದ್ದ ಕಾಲದಲ್ಲೇ ಅಚ್ಚಾಗಿದ್ದು. ಪರಿಷ್ಕರಿಸಿದ್ದು 1897ರಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡು. ಬರ ಕಣ್ಣೆದುರು ಇದ್ದಾಗ ಏನು ಬರೆದರು, ಇಪ್ಪತ್ತು ವರ್ಷ ಕಳೆದ ಮೇಲೆ ಏನು ಬರೆದರು ಅನ್ನೋದು ಅಲ್ಲೇ ಗೊತ್ತಾಗುತ್ತೆ. ಆಮೇಲೆ ಹಯವದನ ರಾಯರದು, 1927ರಿಂದ 1930ರವರೆಗೆ ಬಂದ ಸಂಪುಟಗಳು. 1936ರಲ್ಲಿ ಬಂದ ಶಾಮರಾಯರ ಮಾಡರ್ನ್ ಮೈಸೂರು. ಇಷ್ಟರಲ್ಲಿ ಬರದ ಭಾಗ ಮಾತ್ರ ಓದು. ಒಬ್ಬರಿಂದ ಒಬ್ಬರು ಏನನ್ನು ತಗೊಂಡಿದ್ದಾರೆ ಅಂತ ಅಂಚಿನಲ್ಲಿ ಗುರುತು ಮಾಡು. ಪುಸ್ತಕದ ಅಂಚಿನಲ್ಲಲ್ಲ, ನಿನ್ನ ನೋಟ್‌ಬುಕ್ಕಿನ ಅಂಚಿನಲ್ಲಿ."

"ಇವೆಲ್ಲ ಇತಿಹಾಸದ ಕಪಾಟಿನಲ್ಲಿವೆಯಾ?"

"ಅಲ್ಲೇ ಎಲ್ಲರೂ ಎಡವೋದು. ನಮ್ಮದು ಡ್ಯೂಯಿ ಪದ್ಧತಿ. ಭಾರತದ ಇತಿಹಾಸ 954, ಕರ್ನಾಟಕದ್ದು 954.87. ಇತಿಹಾಸದ ಹುಡುಗರು ಆ ಸಾಲಿನಲ್ಲಿ ನಿಂತು, ಬರದ ಮೇಲೆ ಏನೂ ಇಲ್ಲ ಅಂತ ಹೊರಟು ಹೋಗ್ತಾರೆ. ಆಹಾರದ ಅಭಾವ, ಬರ, ಇವು ಕೂರೋದು 363.8ರಲ್ಲಿ. ಜನಸಂಖ್ಯೆ 304.6ರಲ್ಲಿ. ಬೇಸಾಯದ ಆರ್ಥಿಕತೆ 338.1ರಲ್ಲಿ. ರೈಲ್ವೆ ಬೇಕಂದರೆ 385. ಒಂದು ಘಟನೆಯನ್ನು ಗ್ರಂಥಾಲಯ ಐದು ಕಡೆ ಹರಡಿಟ್ಟಿರುತ್ತೆ."

ಬೇರೆ ವಿಶ್ವವಿದ್ಯಾಲಯಗಳಿಗೆ ಹೋದರೆ ಈ ಸಂಖ್ಯೆಗಳೇ ಇರಲಿಕ್ಕಿಲ್ಲ ಎಂದೂ ಅವರು ಹೇಳಿದರು. ಕೆಲವೆಡೆ ಎಸ್.ಆರ್. ರಂಗನಾಥನ್ 1933ರಲ್ಲಿ ಪ್ರಕಟಿಸಿದ ಕೋಲನ್ ಪದ್ಧತಿ ಇರುತ್ತದೆ. ಎಲ್ಲಿಗೇ ಹೋದರೂ ಒಂದು ಉಪಾಯ ಮಾತ್ರ ನಡೆಯುತ್ತದೆ: ಕಂಪ್ಯೂಟರಿನ ಕ್ಯಾಟಲಾಗಿನಲ್ಲಿ ಒಂದು ಸರಿಯಾದ ಪುಸ್ತಕ ಸಿಕ್ಕರೆ, ಅದರ ವಿಷಯ ಶೀರ್ಷಿಕೆಯ ಮೇಲೆ ಒತ್ತಿ ಅದೇ ಜಾತಿಯ ಉಳಿದವನ್ನು ಹೊರತೆಗೆಯುವುದು. ಆಮೇಲೆ ಕಪಾಟಿಗೆ ಹೋಗಿ ಅದರ ಎಡಬಲದ ಪುಸ್ತಕಗಳನ್ನೂ ಒಮ್ಮೆ ತಿರುವುವುದು.

ಹುಡುಗಿ ತುಸು ಸಂಕೋಚದಿಂದ ಇನ್ನೊಂದು ಪಟ್ಟಿ ತೆಗೆದಳು. ಚಾಟ್‌ಬಾಟ್ ಕೊಟ್ಟ ಎಂಟು ಪುಸ್ತಕಗಳ ಹೆಸರು, ಲೇಖಕರು, ಪ್ರಕಾಶಕರು, ಇಸವಿ, ಎಲ್ಲ ಅಚ್ಚುಕಟ್ಟಾಗಿತ್ತು. ಅವರು ಒಂದೊಂದನ್ನೇ ಕ್ಯಾಟಲಾಗಿನಲ್ಲಿ ಹಾಕಿದರು, ಇಲ್ಲಿ ಸಿಗದ್ದನ್ನು ವರ್ಲ್ಡ್‌ಕ್ಯಾಟ್‌ನಲ್ಲಿ ಹುಡುಕಿದರು. ಮೂರು ಪುಸ್ತಕ ಎಲ್ಲೂ ಸಿಗಲಿಲ್ಲ.

"ಈ ಮೂರು ಯಾವ ಗ್ರಂಥಾಲಯದಲ್ಲಿದೆ ಸರ್?"

"ಯಾವುದರಲ್ಲೂ ಇಲ್ಲ. ಬರೆದವರಿದ್ದರೆ ತಾನೆ ಇರೋಕೆ! ಇದರಿಂದ ಹೆಸರು ತಗೋ, ಬೇಡ ಅನ್ನಲ್ಲ. ಆದರೆ ಪುಸ್ತಕ ಕೈಗೆ ಬಂದು ಪುಟ ಕಣ್ಣಿಗೆ ಬಿದ್ದ ಮೇಲಷ್ಟೇ ಅದನ್ನು ಪ್ರಬಂಧದಲ್ಲಿ ಹೆಸರಿಸು."

ಇಷ್ಟಾದ ಮೇಲೆ ಇಬ್ಬರೂ ಓದುವ ಮೇಜಿನಲ್ಲಿ ಕೂತರು. ಗ್ರಂಥಪಾಲಕರು ಒಂದು ಹಾಳೆಯಲ್ಲಿ ಎರಡು ಸಂಖ್ಯೆ ಬರೆದರು. 1871ರ ಜನಗಣತಿಯಲ್ಲಿ ಮೈಸೂರು ಪ್ರಾಂತ್ಯದ ಜನಸಂಖ್ಯೆ 50,55,412. ಫೆಬ್ರವರಿ 1881ರ ಗಣತಿಯಲ್ಲಿ 41,86,188.

"ಕಳೆದು ನೋಡು."

"8,69,224. ಹತ್ತಿರ ಹತ್ತಿರ ಒಂಬತ್ತು ಲಕ್ಷ. ಅಂದರೆ ನೂರಕ್ಕೆ 17. ಹತ್ತು ಲಕ್ಷ ಇಲ್ಲವಲ್ಲ ಸರ್. ಐದನೇ ಒಂದು ಪಾಲೂ ಆಗಲ್ಲ."

"ಹಾಗಾದರೆ ಸತ್ತವರು 8,69,224 ಅಂತ ಬರೀತೀಯಾ?"

"ಗಣತಿಯೇ ಹೇಳುತ್ತಲ್ಲ?"

"ಗಣತಿ ಹೇಳೋದು ಎರಡು ದಿನದಲ್ಲಿ ಎಷ್ಟು ಜನ ಇದ್ದರು ಅಂತ. ನಡುವೆ ಒಂಬತ್ತು ವರ್ಷ ಚಿಲ್ಲರೆ ಇದೆ. 1871ರಿಂದ 1876ರವರೆಗೆ ಮಕ್ಕಳು ಹುಟ್ಟಲಿಲ್ಲವಾ? ಬರ ಶುರುವಾಗೋ ಹೊತ್ತಿಗೆ ಜನ ಐವತ್ತು ಲಕ್ಷಕ್ಕಿಂತ ಜಾಸ್ತಿ ಆಗಿರಲ್ಲವಾ?"

ಹುಡುಗಿ ಪೆನ್ನು ಕೆಳಗಿಟ್ಟಳು. "ಹಾಗಾದರೆ ಸತ್ತವರು ಇನ್ನೂ ಹೆಚ್ಚು."

"ಇರಬಹುದು. ಆದರೆ ಮಳೆ ಹೋದ ಮೇಲೆ ಊರು ಬಿಟ್ಟು ಮದ್ರಾಸ್ ಕಡೆಗೋ ಮಲೆನಾಡಿನ ಕಾಫಿ ತೋಟಕ್ಕೋ ಹೋಗಿ ವಾಪಸ್ ಬರದವರು?"

"ಗಡಿ ದಾಟಿದ್ದರೆ ಅವರೂ ಲೆಕ್ಕದಲ್ಲಿ ಇಲ್ಲ. ಆದರೆ ಸತ್ತಿಲ್ಲ. ಹಾಗೆ ನೋಡಿದರೆ ಕಡಿಮೆ."

"ಬರದ ವರ್ಷಗಳಲ್ಲಿ ಹುಟ್ಟಬೇಕಾಗಿದ್ದು ಹುಟ್ಟದೇ ಹೋದ ಮಕ್ಕಳು?"

"ಅವರೂ ಇಲ್ಲ... ಆದರೆ ಅವರು ಸಾಯಲೂ ಇಲ್ಲ."

"ಅದಕ್ಕೇ 1881ರ ವರದಿಯಲ್ಲಿ ವಯಸ್ಸಿನ ಕೋಷ್ಟಕ ತೆಗೆದು, ಚಿಕ್ಕ ಮಕ್ಕಳ ಸಾಲನ್ನು ದೊಡ್ಡ ಮಕ್ಕಳ ಸಾಲಿನ ಜೊತೆ ಹೋಲಿಸು ಅನ್ನೋದು. ಆಮೇಲೆ ಇನ್ನೊಂದು: ಎರಡೂ ಗಣತಿಯ ಒಟ್ಟು ಮೊತ್ತದಲ್ಲಿ ಬೆಂಗಳೂರು ದಂಡು ಸೇರಿದೆಯಾ, ಗಡಿಗಳು ಅವೇನಾ ಅಂತ ಮುನ್ನುಡಿಯಲ್ಲಿ ನೋಡ್ಕೋ. ಗಣತಿ ವರದಿಯಲ್ಲಿ ಎಲ್ಲರೂ ಕೋಷ್ಟಕಕ್ಕೆ ಹಾರುತ್ತಾರೆ. ಎಣಿಸಿದವರ ತೊಂದರೆ, ಜನರ ಹೆದರಿಕೆ, ಬಿಟ್ಟುಹೋದದ್ದು, ಇವೆಲ್ಲ ಇರೋದು ಮುನ್ನುಡಿಯಲ್ಲಿ."

ಸಾವಿನ ದಾಖಲೆ ಬೇರೆಯಾಗಿ ಇರಲಿಲ್ಲವೇ ಎಂದು ಅವಳು ಕೇಳಿದಳು. ಇತ್ತು, ಊರಿನ ಮಟ್ಟದಲ್ಲಿ ವರದಿ ಮಾಡುವ ಏರ್ಪಾಡು ಇತ್ತು ಎಂದರು ಅವರು. ಆದರೆ ವರದಿ ಮಾಡಬೇಕಾದವನೇ ಹಸಿದು ಊರು ಬಿಟ್ಟಿದ್ದರೆ? ಊರಲ್ಲಿ ಸಾಯದೆ ದಾರಿಯಲ್ಲಿ ಸತ್ತವನನ್ನು ಯಾವ ಊರಿನ ಲೆಕ್ಕಕ್ಕೆ ಹಾಕಬೇಕು? ಗಂಜಿ ಕೇಂದ್ರದಲ್ಲಿ ಸತ್ತ, ಹೆಸರೇ ಗೊತ್ತಿಲ್ಲದವನನ್ನು?

ಹುಡುಗಿ ತನ್ನ ಐದು ತಲೆಬರಹಗಳ ಮೇಲೆ ಉದ್ದಕ್ಕೆ ಗೆರೆ ಎಳೆದಳು. ಕೆಳಗೆ ಬರೆದಳು: ಮೈಸೂರಿನ ಬರದಲ್ಲಿ ಸತ್ತವರು ಹತ್ತು ಲಕ್ಷ ಎಂಬ ಅಂಕಿ ಹೇಗೆ ಹುಟ್ಟಿತು?

"ಈಗ ಇದು ಪ್ರಶ್ನೆ," ಅಂದರು ಗ್ರಂಥಪಾಲಕರು. "ಹತ್ತು ಪುಟಕ್ಕೆ ಹಿಡಿಸುತ್ತೆ. ಇನ್ನು ಯಾವ ಪುಸ್ತಕ ಬೇಕು, ಯಾವುದು ಬೇಡ ಅಂತ ನಾನು ಹೇಳಬೇಕಾಗಿಲ್ಲ, ಪ್ರಶ್ನೆಯೇ ಹೇಳುತ್ತೆ."

ಆದರೂ ಅವರು ಹೇಳುವುದನ್ನು ನಿಲ್ಲಿಸಲಿಲ್ಲ. ಮೊದಲು ಹೆಸರಿಸಿದ್ದು ಸಿ.ಎ. ಎಲಿಯಟ್ ಬರೆದ, 1878ರಲ್ಲಿ ಬಂದ ಮೈಸೂರು ಬರದ ಇತಿಹಾಸದ ವರದಿ. ಮೈಸೂರು ಆಗ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು, 1831ರಿಂದಲೂ. ವೈಸರಾಯ್ ಲಿಟ್ಟನ್ 1877ರಲ್ಲಿ ದಕ್ಷಿಣಕ್ಕೆ ಬಂದ ಸಂದರ್ಭದಲ್ಲಿ ಎಲಿಯಟ್ಟನನ್ನು ಮೈಸೂರಿಗೆ ಬರ ಪರಿಹಾರದ ಕಮಿಷನರಾಗಿ ನೇಮಿಸಲಾಯಿತು. ಆಮೇಲೆ ರಿಚರ್ಡ್ ಸ್ಟ್ರೇಚಿ ಅಧ್ಯಕ್ಷತೆಯ ಬರ ಆಯೋಗಕ್ಕೆ ಕಾರ್ಯದರ್ಶಿಯಾದವನೂ ಅವನೇ. ಆ ಆಯೋಗದ ವರದಿ 1880ರಲ್ಲಿ ಬಂತು.

"ಅಂದರೆ ಸರ್, ಅಲ್ಲೇ ಇದ್ದು ಕಣ್ಣಾರೆ ಕಂಡವನು. ಅವನು ಬರೆದದ್ದನ್ನು ನಂಬಬಹುದು."

"ಕಣ್ಣಾರೆ ಕಂಡವನು ಹೌದು. ಆದರೆ ಬಂದದ್ದು ಯಾವಾಗ? ಬರ ಶುರುವಾಗಿ ಒಂದು ವರ್ಷ ಆದ ಮೇಲೆ. ತನಗಿಂತ ಮುಂಚೆ ಇದ್ದ ಅಧಿಕಾರಿಗಳು ಏನು ಮಾಡಿದರು ಅಂತ ಬರೀತಿದ್ದಾನೆ. ಅವರ ತಪ್ಪು ಎಷ್ಟು ದೊಡ್ಡದಾಗಿ ಕಾಣುತ್ತೆ, ತಾನು ಬಂದ ಮೇಲಿನದ್ದು ಎಷ್ಟು ಚಿಕ್ಕದಾಗಿ ಕಾಣುತ್ತೆ? ಓದುವಾಗ ಅದನ್ನು ಅಳೀತಾ ಹೋಗು. ಅವನು ಸುಳ್ಳು ಹೇಳಿದ ಅಂತ ನಾನು ಹೇಳ್ತಿಲ್ಲ. ಅವನು ನಿಂತ ಜಾಗ ಯಾವುದು ಅಂತ ನಿನ್ನ ಪ್ರಬಂಧದಲ್ಲಿ ಬರಬೇಕು."

ಎರಡನೆಯದು ವಿಲಿಯಂ ಡಿಗ್ಬಿಯ ಎರಡು ಸಂಪುಟ, ದಕ್ಷಿಣ ಭಾರತದ ಬರ ಪರಿಹಾರದ ಕಥೆ, ಅದೂ 1878ರದ್ದೇ. ಡಿಗ್ಬಿ ಮದ್ರಾಸ್ ಟೈಮ್ಸ್ ಪತ್ರಿಕೆಯ ಸಂಪಾದಕ. ಲಂಡನ್ನಿನ ಮೇಯರ್ ಚಂದಾ ಎತ್ತಿ ಕಳಿಸಿದ ಹಣವನ್ನು ಹಂಚಿದ ಮದ್ರಾಸಿನ ಸಮಿತಿಗೆ ಗೌರವ ಕಾರ್ಯದರ್ಶಿ. ಹೀಗಾಗಿ ಸರ್ಕಾರವನ್ನು ಟೀಕಿಸುವ ಧೈರ್ಯ ಅವನಿಗಿತ್ತು, ಪರಿಹಾರ ನಿಧಿಯನ್ನು ಮೆಚ್ಚಿಕೊಳ್ಳುವ ಕಾರಣವೂ ಇತ್ತು.

"ಇವರಿಬ್ಬರೂ ಒಂದೇ ಮಾತು ಹೇಳಿದರೆ?"

"ಆ ಮಾತಿಗೆ ತೂಕ ಬರುತ್ತೆ, ಯಾಕಂದರೆ ಇಬ್ಬರ ಹಿತಾಸಕ್ತಿ ಬೇರೆ. ಬೇರೆ ಬೇರೆ ಹೇಳಿದರೆ ನಿನಗೆ ಇನ್ನೂ ಒಳ್ಳೇದು, ಒಂದು ಪುಟ ಬರೆಯೋಕೆ ವಿಷಯ ಸಿಕ್ಕಿತು ಅನ್ಕೋ."

ಜಗಳ ಇದ್ದ ಕಡೆ ದಾಖಲೆ ಹೆಚ್ಚು ಎಂಬುದಕ್ಕೆ ಅವರು ಟೆಂಪಲ್–ಕಾರ್ನಿಷ್ ಪ್ರಕರಣ ಹೇಳಿದರು. 1877ರ ಆರಂಭದಲ್ಲಿ ಭಾರತ ಸರ್ಕಾರದ ಪ್ರತಿನಿಧಿಯಾಗಿ ದಕ್ಷಿಣಕ್ಕೆ ಬಂದ ಸರ್ ರಿಚರ್ಡ್ ಟೆಂಪಲ್ ಖರ್ಚು ಇಳಿಸಲು ಹೊರಟ. ಪರಿಹಾರ ಕಾಮಗಾರಿಯಲ್ಲಿ ಮಣ್ಣು ಹೊರುವವನ ದಿನಗೂಲಿ ಆವರೆಗೆ ಒಂದೂವರೆ ಪೌಂಡ್ ಧಾನ್ಯದ ಲೆಕ್ಕದಲ್ಲಿತ್ತು. ಟೆಂಪಲ್ ಅದನ್ನು ಒಂದು ಪೌಂಡ್ ಧಾನ್ಯ, ಮೇಲೆ ಚಿಲ್ಲರೆ ಕಾಸು ಎಂದು ಇಳಿಸಿದ. ಒಂದು ಪೌಂಡ್ ಅಂದರೆ ಅರ್ಧ ಕಿಲೋ ಕೂಡ ಇಲ್ಲ. ಮದ್ರಾಸಿನ ಆರೋಗ್ಯ ಕಮಿಷನರ್ ಡಾಕ್ಟರ್ ಕಾರ್ನಿಷ್, ಇಷ್ಟರಲ್ಲಿ ದುಡಿಯುವ ದೇಹ ಉಳಿಯುವುದಿಲ್ಲ ಎಂದು ವಿರೋಧಿಸಿದ. ಪತ್ರಕ್ಕೆ ಪತ್ರ, ಟಿಪ್ಪಣಿಗೆ ಟಿಪ್ಪಣಿ ಬೆಳೆಯಿತು. ಇಬ್ಬರೂ ತಮ್ಮ ವಾದಕ್ಕೆ ಅಂಕಿ ಬೇಕೆಂದು ಎಣಿಸಿದರು, ತೂಗಿದರು, ಬರೆದಿಟ್ಟರು.

"ಅಧಿಕಾರಿಗಳು ಒಪ್ಪಿಕೊಂಡು ಕೂತಿದ್ದರೆ ಇಷ್ಟು ಕಾಗದ ಹುಟ್ಟುತ್ತಿರಲಿಲ್ಲ. ಹಾಗಾಗಿ ಹುಡುಕುವಾಗ ಯಾರು ಯಾರ ಜೊತೆ ಜಗಳ ಆಡಿದರು ಅಂತ ಹುಡುಕು."

ಹುಡುಗಿಗೆ ಉತ್ಸಾಹ ಬಂತು. ಮೂಲ ಕಡತಗಳನ್ನೇ ನೋಡಬೇಕು, ಎಲ್ಲಿ ಸಿಗುತ್ತವೆ ಎಂದು ಕೇಳಿದಳು.

"ಯಾವ ಊರಿನ ಕಡತ ಅನ್ನೋದರ ಮೇಲೆ. ಇವತ್ತಿನ ಕರ್ನಾಟಕದ ನಕ್ಷೆ ಮರೆತುಬಿಡು. 1876ರಲ್ಲಿ ಧಾರವಾಡ, ಬೆಳಗಾವಿ ಬೊಂಬಾಯಿಗೆ ಸೇರಿದ್ದವು. ಬಳ್ಳಾರಿ ಮದ್ರಾಸಿಗೆ. ರಾಯಚೂರು, ಕಲಬುರಗಿ ನಿಜಾಮರಿಗೆ. ಒಂದೇ ಬರ, ಕಾಗದ ಮಾತ್ರ ನಾಲ್ಕು ದಿಕ್ಕಿಗೆ ಹೋಯಿತು. ಬಿಜಾಪುರ ಅಂತ ಹುಡುಕಿದರೆ ಸಿಗಲ್ಲ, ಆಗ ಜಿಲ್ಲೆಯ ಹೆಸರು ಕಲಾದಗಿ. ಮುಖ್ಯ ಪಟ್ಟಣ ಬಿಜಾಪುರಕ್ಕೆ ಹೋಗಿದ್ದು 1885ರಲ್ಲಿ."

"ಮೈಸೂರಿನದ್ದು?"

"ವಿಧಾನಸೌಧದಲ್ಲಿರೋ ರಾಜ್ಯ ಪತ್ರಾಗಾರ. ನಿಮ್ಮ ವಿಭಾಗದ ಮುಖ್ಯಸ್ಥರ ಪತ್ರ, ಗುರುತಿನ ಚೀಟಿ ತಗೊಂಡು ಹೋಗು. ಹೋಗೋಕೆ ಮುಂಚೆ ಫೋನ್ ಮಾಡಿ ಏನು ನೋಡಬೇಕು ಅಂತ ಹೇಳು. ಸುಮ್ಮನೆ ಬರಗಾಲ ಅಂದರೆ ಅವರಾದರೂ ಏನು ತೆಗೀತಾರೆ? ದೆಹಲಿಯ ರಾಷ್ಟ್ರೀಯ ಪತ್ರಾಗಾರದ್ದು ಅಭಿಲೇಖ ಪಟಲ್ ಅನ್ನೋ ಜಾಲತಾಣದಲ್ಲಿ ಸಾಕಷ್ಟು ಇದೆ. ಅಲ್ಲಿ ಇಲಾಖೆಯ ಹೆಸರು ಗೊತ್ತಿರಬೇಕು. ಮೈಸೂರಿನ ವ್ಯವಹಾರ ವಿದೇಶಾಂಗ ಇಲಾಖೆಯಲ್ಲಿ ನಡೀತಿತ್ತು."

"ಮೈಸೂರು ವಿದೇಶವಾ ಸರ್?"

"ಸಂಸ್ಥಾನಗಳೆಲ್ಲ ಆ ಇಲಾಖೆಯ ಪಾಲಿಗೆ. ಬರದ ಪರಿಹಾರದ್ದು ಕಂದಾಯ, ಕೃಷಿ ಮತ್ತು ವಾಣಿಜ್ಯ ಇಲಾಖೆಯಲ್ಲೂ ಇರುತ್ತೆ. ಎರಡರಲ್ಲೂ ಹುಡುಕು."

ಹೆಸರುಗಳ ಕಾಗುಣಿತ ಇನ್ನೊಂದು ಕಗ್ಗಂಟು. ಇಂಗ್ಲಿಷ್ ಕಡತಗಳಲ್ಲಿ ತುಮಕೂರು ಎರಡೆರಡು ಓ ಹಾಕಿಕೊಂಡು ತೂಮ್‌ಕೂರ್ ಆಗಿರುತ್ತದೆ, ಚಿತ್ರದುರ್ಗ ಚಿತಲ್‌ಡ್ರೂಗ್. ಜಿಲ್ಲೆಗಿಂತ ಮೇಲೆ ಮೂರು ವಿಭಾಗಗಳಿದ್ದವು: ನಂದಿದುರ್ಗ, ಅಷ್ಟಗ್ರಾಮ, ನಗರ. ಬೆಂಗಳೂರು, ಕೋಲಾರ, ತುಮಕೂರು ನಂದಿದುರ್ಗ ವಿಭಾಗದಲ್ಲಿದ್ದುದರಿಂದ, ತುಮಕೂರಿನ ಹೆಸರೇ ಇಲ್ಲದ ಕಡತದೊಳಗೂ ತುಮಕೂರು ಇರಬಹುದು. ಕನ್ನಡದ ದಾಖಲೆಗಳಲ್ಲಿ ಎಷ್ಟೋ ಸಲ ಇಸವಿ ಇರುವುದಿಲ್ಲ, ಸಂವತ್ಸರ, ಮಾಸ, ತಿಥಿ ಇರುತ್ತವೆ. ಧಾತು 1876ರ ಯುಗಾದಿಯಿಂದ, ಈಶ್ವರ 1877ರ ಯುಗಾದಿಯಿಂದ. ತಿಥಿಯನ್ನು ತಾರೀಕಿಗೆ ತಿರುಗಿಸಲು ಸೀವೆಲ್ ಮತ್ತು ಶಂಕರ ಬಾಲಕೃಷ್ಣ ದೀಕ್ಷಿತರು 1896ರಲ್ಲಿ ತಂದ ಪಂಚಾಂಗ ಕೋಷ್ಟಕಗಳ ಪುಸ್ತಕ ಇಂದಿಗೂ ಪರಾಮರ್ಶನ ವಿಭಾಗದಲ್ಲಿ ಕೆಲಸಕ್ಕೆ ಬರುತ್ತದೆ.

"ಬೆಂಗಳೂರಿಗೆ ಹೋಗಿ ಬರೋಕೆ ಎಲ್ಲರಿಗೂ ಆಗುತ್ತಾ ಸರ್? ನನ್ನ ಪ್ರಬಂಧಕ್ಕೆ ಇರೋದು ಒಂದು ತಿಂಗಳು."

ಇದು ನ್ಯಾಯವಾದ ಮಾತು. ಅವರು ಒಪ್ಪಿಕೊಂಡರು. ಎಲಿಯಟ್, ಡಿಗ್ಬಿ, ರೈಸ್, ಗಣತಿ ವರದಿಗಳು, ಇಂಥ ಹಳೆಯ ಅಚ್ಚಿನ ಪುಸ್ತಕಗಳಲ್ಲಿ ಬಹಳಷ್ಟು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಹುಡುಕಬಹುದು. ಭಾರತದ ಡಿಜಿಟಲ್ ಲೈಬ್ರರಿ ಯೋಜನೆಯಲ್ಲಿ ಸ್ಕ್ಯಾನ್ ಆದವೂ ಅಲ್ಲಿವೆ. ಅವುಗಳ ಹೆಸರು ತಪ್ಪುತಪ್ಪಾಗಿ ನಮೂದಾಗಿರುವುದು ಸಾಮಾನ್ಯ, ಆದ್ದರಿಂದ ಹೆಸರಿನಿಂದ ಸಿಗದಿದ್ದರೆ ಲೇಖಕರಿಂದ, ಅದೂ ಸಿಗದಿದ್ದರೆ ಇಸವಿಯಿಂದ ಹುಡುಕಬೇಕು. ಪಿಎಚ್.ಡಿ. ಪ್ರಬಂಧಗಳಿಗೆ ಶೋಧಗಂಗಾ ಇದೆ. ಅದನ್ನು ಇತರರ ಪ್ರಬಂಧ ನಕಲು ಮಾಡಲು ಬಳಸುವವರು ಇದ್ದಾರೆ. ಪ್ರಬಂಧದ ಕೊನೆಯ ಆಕರ ಪಟ್ಟಿಯನ್ನು ಓದಿ, ಯಾವ ಕಡತ ಎಲ್ಲಿದೆ ಎಂದು ಕಂಡುಕೊಳ್ಳುವುದು ಅದರ ನಿಜವಾದ ಉಪಯೋಗ.

"ಚಿತ್ರ ಹಾಕಬಹುದಾ? ಇಲ್ನೋಡಿ." ಅವಳು ಮೊಬೈಲಿನಲ್ಲಿ ಎರಡು ಚಿತ್ರ ತೋರಿಸಿದಳು. ಒಂದು, ಮೂಳೆ ಚಕ್ಕಳವಾದ ಸಂಸಾರದ ಫೋಟೊ. ಇನ್ನೊಂದು, ಬೆಂಗಳೂರಿನಲ್ಲಿ ಪರಿಹಾರಕ್ಕಾಗಿ ಕಾದು ಕೂತ ಜನರ ಕೆತ್ತನೆ.

"ಫೋಟೊದ ಕೆಳಗೆ ಮೈಸೂರು ಬರ ಅಂತ ಯಾರು ಬರೆದರು? ಇಂಥ ಫೋಟೊಗಳು ಬಹುಪಾಲು ಹೂಪರ್ ಅನ್ನೋ ಸೈನ್ಯಾಧಿಕಾರಿ ಮದ್ರಾಸಿನಲ್ಲಿ ತೆಗೆದದ್ದು. ಮೂಲ ಸಂಗ್ರಹದಲ್ಲಿ ಏನಂತ ಇದೆ ನೋಡದೆ ಹಾಕಬೇಡ. ಈ ಕೆತ್ತನೆ ಅಕ್ಟೋಬರ್ 1877ರ ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್‌ನದ್ದು. ಇದು ಬೆಂಗಳೂರೇ. ಆದರೆ ಲಂಡನ್ನಿನಲ್ಲಿ ಚಂದಾ ಎತ್ತುತ್ತಿದ್ದ ತಿಂಗಳುಗಳಲ್ಲಿ ಅಚ್ಚಾಗಿದ್ದು. ಅದನ್ನು ಒಂದು ಸಾಲಿನಲ್ಲಿ ಹೇಳಿ ಹಾಕು."

ಇಷ್ಟೊತ್ತಿಗೆ ಹುಡುಗಿ ನಾಲ್ಕು ಪುಟ ಟಿಪ್ಪಣಿ ಮಾಡಿಕೊಂಡಿದ್ದಳು. ಗ್ರಂಥಪಾಲಕರು ಅದನ್ನು ತಿರುಗಿಸಿ ನೋಡಿ ಒಂದು ವಾಕ್ಯದ ಮೇಲೆ ಬೆರಳಿಟ್ಟರು.

"ಇದು ನಿನ್ನ ಮಾತೋ, ರೈಸ್ ಮಾತೋ?"

"ಅದು... ಪುಸ್ತಕದ್ದೇ ಇರಬೇಕು."

"ಇನ್ನು ಎರಡು ವಾರಕ್ಕೆ ನಿನ್ನದೇ ಅನ್ನಿಸುತ್ತೆ. ಕಳ್ಳತನ ಆಗೋದು ಬರೆಯುವಾಗ ಅಲ್ಲಮ್ಮ, ಟಿಪ್ಪಣಿ ಮಾಡುವಾಗ. ಅವರ ಮಾತಿಗೆ ಆಗಲೇ ಉದ್ಧರಣ ಚಿಹ್ನೆ ಹಾಕು. ನಿನಗೆ ಹೊಳೆದದ್ದಕ್ಕೆ ಬೇರೆ ಬಣ್ಣದ ಪೆನ್ನು. ಪ್ರತಿ ಚೀಟಿಯ ನೆತ್ತಿಯ ಮೇಲೆ ಪುಸ್ತಕ, ಆವೃತ್ತಿ, ಪುಟ. ಆವೃತ್ತಿ ಯಾಕೆ ಅಂದರೆ ರೈಸ್ ಎರಡಿದ್ದಾನೆ."

ಮುಂದಿನ ಚರ್ಚೆ ಈಗಿನ ಇತಿಹಾಸಕಾರರ ಬಗ್ಗೆ. ಹುಡುಗಿ ಅವರನ್ನು ಕೊನೆಗೆ ಓದುತ್ತೇನೆ, ಮೊದಲೇ ಓದಿದರೆ ಅವರ ಅಭಿಪ್ರಾಯವೇ ನನ್ನದಾಗುತ್ತದೆ ಎಂದಳು. ಗ್ರಂಥಪಾಲಕರು ಒಪ್ಪಲಿಲ್ಲ. ಬಿ.ಎಂ. ಭಾಟಿಯಾ 1963ರಲ್ಲೇ ಭಾರತದ ಬರಗಳ ಚರಿತ್ರೆ ಬರೆದರು. ಅಮರ್ತ್ಯ ಸೇನ್ 1981ರ ಪುಸ್ತಕದಲ್ಲಿ ಬಂಗಾಳ, ಇಥಿಯೋಪಿಯ, ಸಾಹೆಲ್, ಬಾಂಗ್ಲಾದೇಶದ ಬರಗಳನ್ನು ತೆಗೆದುಕೊಂಡು, ಧಾನ್ಯ ಇಲ್ಲದ್ದಕ್ಕೆ ಜನ ಸತ್ತರೋ, ಧಾನ್ಯ ಕೊಳ್ಳುವ ಶಕ್ತಿ ಕಳೆದುಕೊಂಡದ್ದಕ್ಕೋ ಎಂದು ಕೇಳಿದರು. ಮೈಕ್ ಡೇವಿಸ್ 2001ರಲ್ಲಿ 1876ರ ಬರವನ್ನು ಎಲ್ ನಿನೊ ಮತ್ತು ಸಾಮ್ರಾಜ್ಯದ ಮಾರುಕಟ್ಟೆ ನೀತಿ ಎರಡರ ನಡುವೆ ಇಟ್ಟು ನೋಡಿದರು.

"ಸೇನ್ ಅವರದರಲ್ಲಿ ಮೈಸೂರಿನ ಬರ ಇಲ್ಲವಲ್ಲ ಸರ್, ನನಗೇನು ಪ್ರಯೋಜನ?"

"ಮದ್ರಾಸಿನ ರೈಲು ಬೆಂಗಳೂರಿಗೆ ಬಂದದ್ದು 1864ರಲ್ಲಿ. ಬರದಲ್ಲಿ ಆ ರೈಲಿನಲ್ಲಿ ಧಾನ್ಯ ಬಂತು. ಬಂದ ಧಾನ್ಯ ಸ್ಟೇಷನ್ನಿನಲ್ಲಿದ್ದರೆ ಮಧುಗಿರಿಯ ಕೂಲಿಯವನಿಗೆ ಏನು ಬಂತು? ಅವನ ಹಗೇವಿನಲ್ಲಿ ರಾಗಿ ಯಾವಾಗ ಮುಗೀತು? ಈ ಪ್ರಶ್ನೆ ನಿನಗೆ ಸೇನ್ ಓದದೆ ಹೊಳೆಯಲ್ಲ. ಉತ್ತರ ಅವರ ಹತ್ತಿರ ಇಲ್ಲ, ಗೆಜೆಟಿಯರಿನ ಬೇಸಾಯದ ಅಧ್ಯಾಯದಲ್ಲಿ, ಪೇಟೆ ಧಾರಣೆಯ ಪಟ್ಟಿಯಲ್ಲಿ ಹುಡುಕಬೇಕು."

"ಆದರೆ ನನ್ನ ಪ್ರಶ್ನೆ ಸತ್ತವರ ಅಂಕಿಯದ್ದು. ರಾಗಿ ಧಾರಣೆಯೆಲ್ಲ ಹಾಕಿದರೆ ಮತ್ತೆ ಮೊದಲಿನ ಹಾಗೇ ಆಗುತ್ತೆ."

ಗ್ರಂಥಪಾಲಕರು ನಕ್ಕರು. ಗೆದ್ದದ್ದು ಅವಳು. ಧಾರಣೆಯ ವಿಚಾರ ಒಂದು ಅಡಿಟಿಪ್ಪಣಿಗೆ ಇಳಿಯಿತು. ಬರ ಪರಿಹಾರಕ್ಕೆ ಮಣ್ಣು ಕೆಲಸ ನಡೆದ ಬೆಂಗಳೂರು–ಮೈಸೂರು ರೈಲು ಮಾರ್ಗ, 1881ರ ಮಾರ್ಚ್ 25ರಂದು ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿದಾಗ ಖಜಾನೆಯ ತಲೆಯ ಮೇಲಿದ್ದ 80 ಲಕ್ಷ ರೂಪಾಯಿ ಸಾಲ, ಇವನ್ನೂ ಅವಳು ಹೊರಗಿಟ್ಟಳು. ರಾಜ್ಯ ಮರಳಿದ ತಾರೀಕನ್ನು ಮಾತ್ರ ಉಳಿಸಿಕೊಂಡಳು. ಗಣತಿ ನಡೆದದ್ದು ಅದಕ್ಕೆ ಬರೀ ಐದು ವಾರ ಮುಂಚೆ, ಹೊರಟು ನಿಂತ ಸರ್ಕಾರದ ಕೈಯಲ್ಲಿ. ಅದು ತನ್ನ ಅಂಕಿಯ ಕಥೆಗೆ ಸೇರಿದ್ದು ಎಂದು ಅವಳ ವಾದ.

ವಾರ ಕಳೆದು ಅವಳು ಮೊದಲ ಕರಡು ತಂದಳು. ಅನಾದಿ ಕಾಲದಿಂದಲೂ ಮಾನವನು ಪ್ರಕೃತಿಯ ವಿಕೋಪಗಳನ್ನು ಎದುರಿಸುತ್ತಾ ಬಂದಿದ್ದಾನೆ ಎಂದು ಅದು ಶುರುವಾಗಿತ್ತು. ಗ್ರಂಥಪಾಲಕರು ಮೊದಲ ಪ್ಯಾರಾವನ್ನು ಪೂರ್ತಿ ಹೊಡೆದು, ಎರಡನೆಯದರ ಮೇಲೆ ಒಂದು ಅಂದರು. ಅದು ಎರಡು ಗಣತಿಗಳ ಸಂಖ್ಯೆಯಿಂದ ಶುರುವಾಗುತ್ತಿತ್ತು. ಅಲ್ಲಿಂದ ಮುಂದಕ್ಕೆ ಓದುತ್ತಾ, ಪ್ರತಿ ಪ್ಯಾರಾದ ಮುಂದೆ ಒಂದೇ ವಾಕ್ಯದಲ್ಲಿ ಅದು ಏನು ಮಾಡುತ್ತಿದೆ ಎಂದು ಬರೆಯಲು ಹೇಳಿದರು. ಎರಡು ಪ್ಯಾರಾದ ಮುಂದೆ ಅವಳಿಗೆ ಏನೂ ಬರೆಯಲಾಗಲಿಲ್ಲ. ಅವೂ ಹೋದವು.

"ಉತ್ತರ ಸಿಗಲಿಲ್ಲ ಸರ್. ಹತ್ತು ಲಕ್ಷ ಸರಿಯೋ ತಪ್ಪೋ ಅಂತ ಹೇಳೋಕೆ ನನಗೆ ಆಗ್ತಿಲ್ಲ."

"ನೀನು ಕೇಳಿದ್ದು ಅದು ಹೇಗೆ ಹುಟ್ಟಿತು ಅಂತ. ಹುಟ್ಟಿದ್ದನ್ನು ತೋರಿಸು. ಎರಡು ಗಣತಿಯ ಅಂತರ ಎಷ್ಟು, ಅದರ ಮೇಲೆ ಯಾರು ಏನು ಸೇರಿಸಿದರು, ಯಾವ ಪುಸ್ತಕಕ್ಕೆ ಬರುವ ಹೊತ್ತಿಗೆ ಅಂದಾಜು ಅನ್ನೋ ಪದ ಬಿದ್ದುಹೋಯಿತು. ಆಮೇಲೆ ನಿನ್ನ ತೀರ್ಮಾನ ಹೇಳು: ಆ ಅಂಕಿ ಸತ್ತವರದ್ದೋ, ಕಾಣೆಯಾದವರದ್ದೋ."

ಅವಳು ಬರೆದುಕೊಂಡಳು. ಆಮೇಲೆ, ಇನ್ನೊಂದು ವಿಷಯ ಇದೆ, ಸೇರಿಸಬಹುದೋ ಇಲ್ಲವೋ ಗೊತ್ತಿಲ್ಲ ಎಂದಳು. "ನಮ್ಮಜ್ಜಿ ಹೇಳೋದು, ನಮ್ಮೂರ ಕೆರೆ ಏರಿ ಆ ಬರದ ಕೂಲಿಗೆ ಹಾಕಿಸಿದ್ದಂತೆ."

"ಸೇರಿಸು. ಕಮಿಷನರ ಆಡಳಿತ ವರದಿಯಲ್ಲಿ ಲೋಕೋಪಯೋಗಿ ಅಧ್ಯಾಯ ಇರುತ್ತೆ, ಆ ಕೆರೆ ಇದೆಯಾ ನೋಡು. ಇದ್ದರೆ ಎರಡು ಸಾಕ್ಷಿ. ಇಲ್ಲದಿದ್ದರೆ ಊರಿನ ನೆನಪು ಅಂತಲೇ ಬರೆ. ಅಜ್ಜಿಗೆ ಹೇಳಿದ್ದು ಯಾರು?"

"ಅವರ ಅತ್ತೆ ಇರಬೇಕು."

"ಇರಬೇಕು ಅಂತ ಅಡಿಟಿಪ್ಪಣಿಯಲ್ಲಿ ಬರೆಯೋಕಾಗಲ್ಲ."

ಹುಡುಗಿ ಹೊರಗಿನ ವರಾಂಡಕ್ಕೆ ಹೋಗಿ ಫೋನ್ ಮಾಡಿದಳು. ವಾಪಸ್ ಬಂದಾಗ ಮುಖದಲ್ಲಿ ಗೊಂದಲ. ಹೇಳಿದ್ದು ಅತ್ತೆಯೇ, ಆದರೆ ಅತ್ತೆಗೆ ಹೇಳಿದ್ದು ಅವರ ಅಜ್ಜಿ. ಆ ಅಜ್ಜಿಯ ಊರು ಮಡಕಶಿರಾ ಕಡೆ. ಕೆರೆಯೂ ಅಲ್ಲಿಯದೇ ಅಂತೆ, ನಮ್ಮೂರದ್ದಲ್ಲ.

"ಸರಿಹೋಯ್ತು. ಮಡಕಶಿರಾ ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಅನಂತಪುರ ಜಿಲ್ಲೆ ಆಗಿದ್ದು 1882ರಲ್ಲಿ. ಮೈಸೂರಿನ ವರದಿಯಲ್ಲಿ ಆ ಕೆರೆಯನ್ನು ನೀನು ವರ್ಷಗಟ್ಟಲೆ ಹುಡುಕಿದರೂ ಸಿಗ್ತಿರಲಿಲ್ಲ."

"ಹಾಗಾದರೆ ಬಿಟ್ಟುಬಿಡ್ತೀನಿ."

"ಬಿಡೋಕೆ ಮುಂಚೆ ಯೋಚನೆ ಮಾಡು. ಆಕೆ ಆ ಕಡೆಯಿಂದ ಮೈಸೂರು ಸೀಮೆಗೆ ಬಂದವಳು. 1881ರ ಗಣತಿಯಲ್ಲಿ ಹುಟ್ಟಿದ ಜಾಗದ ಕೋಷ್ಟಕ ಇದೆ. ಆ ಹೊತ್ತಿಗೆ ಬಂದಿದ್ದರೆ ಅದರಲ್ಲಿ ಮದ್ರಾಸಿನಲ್ಲಿ ಹುಟ್ಟಿದವರ ಲೆಕ್ಕದೊಳಗೆ ಒಬ್ಬಳು ಆಕೆ. ಸತ್ತವರ ಸಂಖ್ಯೆಯನ್ನು ಕಡಿಮೆ ಮಾಡಿ ತೋರಿಸಿದವರಲ್ಲೂ ಒಬ್ಬಳು. ಬಂದದ್ದು ಬರಕ್ಕೆ ಹೆದರಿಯೋ, ಮದುವೆಯಾಗಿಯೋ?"

"ಅದನ್ನು ಕೇಳಲಿಲ್ಲ."

"ಬಂದಾಗ ವಯಸ್ಸೆಷ್ಟು?"

"ಅದನ್ನೂ ಕೇಳಲಿಲ್ಲ ಸರ್," ಎನ್ನುತ್ತಾ ಹುಡುಗಿ ಬೇರೆ ಬಣ್ಣದ ಪೆನ್ನು ತೆಗೆದುಕೊಂಡು, ಎರಡು ಪ್ರಶ್ನೆಗಳನ್ನು ಒಂದರ ಕೆಳಗೊಂದು ಬರೆದು, ಮತ್ತೆ ವರಾಂಡದ ಕಡೆ ಹೊರಟಳು.